ಮಾವನ ಹಳೇ ಬನಿಯನ್

ಸೊಸೆ ಬಿಸಿ ಸ್ಟ್ರೈಟ್ನರ್ ಹಿಡಿದು ಅತ್ತೆಯ ಒಂದು ಎಳೆ ಕೂದಲನ್ನು ನೇರ ಮಾಡಿ ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಮೊದಲನೆಯದು ಮತ್ತೆ ಕೆದರಿ ಎದ್ದು ನಿಂತಿತ್ತು. ಹೊರಗೆ ಮೂರು ದಿನದಿಂದ ಬಿಡದೆ ಹಿಡಿದ ಮಳೆ. ತರಬೇತಿ ಶಾಲೆಯ ಗೋಡೆಗಳೂ ಬೆವರುತ್ತಿದ್ದವು. ಇದು ಕೇಶವಿನ್ಯಾಸದ ಕೊನೆಯ ಪರೀಕ್ಷೆ. ಕೊಟ್ಟ ಎರಡು ಗಂಟೆಯಲ್ಲಿ ಅರ್ಧ ಗಂಟೆ ಆಗಲೇ ಹೋಗಿತ್ತು. ಕೈಗೆ ಬಂದ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: 'ಮಳೆಗಾಲದಲ್ಲಿ ಕೆದರುವ ಕೂದಲನ್ನು ಹದಕ್ಕೆ ತರುವುದು.' ಪಾಸಾದರೆ ಪೇಟೆಯ ಬ್ಯೂಟಿ ಪಾರ್ಲರಿನಲ್ಲಿ ಸೋಮವಾರದಿಂದಲೇ ಕೆಲಸ. ಫೇಲಾದರೆ ಇನ್ನೊಂದು ವರ್ಷ ಮನೆಯಲ್ಲಿ ಕೂರಬೇಕು, ಅತ್ತೆಯ ಬಾಯಿಗೆ ಆಹಾರವಾಗಬೇಕು.

"ತಲೆ ಬಾಚೋದಕ್ಕೂ ಒಂದು ಕಾಲೇಜಾ?" ಎಂದು ವರ್ಷವಿಡೀ ಮೂಗು ಮುರಿದಿದ್ದ ಅತ್ತೆಯೇ ಇವತ್ತು ಆ ಕುರ್ಚಿಯಲ್ಲಿ ಕುಳಿತದ್ದು ಸೊಸೆಯ ಗ್ರಹಚಾರ. ಬರುತ್ತೇನೆಂದಿದ್ದ ಗೆಳತಿ ಮಳೆಗೆ ಹೆದರಿ ಬೆಳಿಗ್ಗೆ ಫೋನಿನಲ್ಲೇ ಕೈ ಎತ್ತಿದ್ದಳು. "ಒಂದು ತಲೆ ತಾನೇ ಬೇಕು? ನನ್ನದಿಲ್ವಾ, ನಡಿ" ಎಂದು ಅತ್ತೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಿದ್ದರು. ಇಲ್ಲಿಗೆ ಬಂದು ಅವರು ಸ್ಕಾರ್ಫ್ ಬಿಚ್ಚಿದಾಗಲೇ ತನ್ನ ಪಾಲಿಗೆ ಬಂದದ್ದು ಎಂಥ ತಲೆ ಎಂದು ಸೊಸೆಗೆ ಗೊತ್ತಾದದ್ದು. ಮದುವೆಯಾಗಿ ಆರು ವರ್ಷವಾದರೂ ಅವಳು ಅತ್ತೆಯ ಕೂದಲನ್ನು ಪೂರ್ತಿಯಾಗಿ ನೋಡಿರಲಿಲ್ಲ. ಅದು ಕುರ್ಚಿಯ ಅಗಲಕ್ಕೂ ಹರಡಿಕೊಂಡಿತು.

"ಕಿವಿ ಸುಡ್ತಿದೀಯ ಕಣೇ."

"ಅಲ್ಲಾಡಬೇಡಿ ಅತ್ತೆ, ದಮ್ಮಯ್ಯ."

"ನೀನು ಇವತ್ತು ಶುರು ಮಾಡಿದೀಯ. ನಾನು ನಲವತ್ತು ವರ್ಷದಿಂದ ಇದರ ಜೊತೆ ಜಗಳ ಆಡ್ತಿದೀನಿ. ಸ್ಕೂಲಲ್ಲಿ ನನ್ನನ್ನ ಪೊರಕೆ ಅಂತಿದ್ರು. ಅವತ್ತಿಂದ ಈ ಸ್ಕಾರ್ಫು." ಅತ್ತೆ ನಗುತ್ತಲೇ ಹೇಳಿದರು, ಆದರೆ ಎದುರಿಗಿದ್ದ ಕನ್ನಡಿಯತ್ತ ನೋಡಲಿಲ್ಲ. "ತಲೆಗೆ ಸ್ನಾನ ಮಾಡಿ ಬಂದಾಗ ಒಂದೈದು ನಿಮಿಷ ಹೇಳಿದ ಮಾತು ಕೇಳುತ್ತೆ. ಬಾಚಣಿಗೆ ಕಂಡರೆ ಮುಗೀತು, ದೆವ್ವ ಮೆಟ್ಟಿದ ಹಾಗೆ ಆಡುತ್ತೆ."

ಸೊಸೆಯ ಕೈ ನಿಂತಿತು. ಉಳಿದ ಹನ್ನೊಂದು ಕುರ್ಚಿಗಳಲ್ಲೂ ಸ್ಟ್ರೈಟ್ನರ್‌ಗಳು ಹೊಗೆಯಾಡುತ್ತಿದ್ದವು. ಅವಳು ತನ್ನದರ ಪ್ಲಗ್ ಕಿತ್ತಳು.

"ಏಳಿ ಅತ್ತೆ, ನಲ್ಲಿ ಹತ್ತಿರ ಬನ್ನಿ."

"ಇಷ್ಟು ಹೊತ್ತು ಸುಟ್ಟು ಈಗ ನೆನೆಸ್ತೀಯಾ? ಬುದ್ಧಿ ನೆಟ್ಟಗಿದೆ ತಾನೇ?"

"ಬನ್ನಿ ಅಂದ್ರೆ ಬನ್ನಿ."

ಪೂರ್ತಿ ನೆನೆಸಿದಳು. ಬಾಚಣಿಗೆ ಮುಟ್ಟದೆ ಬೆರಳಿನಿಂದಲೇ ಸಿಕ್ಕು ಬಿಡಿಸಿದಳು. ಅಗಸೆ ಬೀಜ ಕುದಿಸಿ ಸೋಸಿದ ಲೋಳೆಯನ್ನು, ಪಾಠದಲ್ಲಿ ಹೇಳಿದ್ದಾರಲ್ಲ ಇರಲಿ ಎಂದು ಮನೆಯಿಂದ ತಂದಿದ್ದಳು. ಅದನ್ನು ಎಳೆಎಳೆಗೂ ಸವರಿ, ಸುರುಳಿ ಕೂರಲೆಂದು ತುದಿಯಿಂದ ಮೇಲಕ್ಕೆ ಮುಷ್ಟಿಯಲ್ಲಿ ಹಿಡಿದು ಹಿಡಿದು ಬಿಟ್ಟಳು. ಟವೆಲ್ ಹಾಕಿ ಉಜ್ಜಿದರೆ ಎಲ್ಲ ಮೊದಲಿನಂತೆಯೇ. ಚೀಲ ತಡಕಾಡಿ, ಕನ್ನಡಿ ಒರೆಸಲೆಂದು ಇಟ್ಟುಕೊಂಡಿದ್ದ ಮೆತ್ತನೆಯ ಬಟ್ಟೆ ತೆಗೆದು ಮೆಲ್ಲಗೆ ನೀರು ಒತ್ತತೊಡಗಿದಳು.

"ಇದು ನಿನ್ನ ಮಾವನ ಬನಿಯನ್ ಅಲ್ವೇನೇ? ಒಂದು ವಾರದಿಂದ ಹುಡುಕ್ತಿದ್ದಾರೆ!"

"ಒಗೆದಿದ್ದೀನಿ ಅತ್ತೆ."

"ಒಗೆದಿದ್ದಾಳಂತೆ! ಅದಕ್ಕೆ ಅವರು ನನ್ನ ಮೇಲೆ ಹಾರಾಡಿದ್ದೇನು, ಕೂಗಾಡಿದ್ದೇನು."

ಆಮೇಲೆ ಡ್ರೈಯರಿನ ತಣ್ಣನೆ ಗಾಳಿಯನ್ನು ದೂರದಿಂದ ಬಿಟ್ಟು ಸುಮ್ಮನೆ ನಿಂತಳು. ಮುಟ್ಟದೆ ಇರುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಪಕ್ಕದ ಕುರ್ಚಿಯವಳು ಅಯ್ಯೋ ಪಾಪ ಎನ್ನುವಂತೆ ನೋಡಿದಳು.

ಯಾರ ತಲೆ ಯಾರ ಕೈಕೆಲಸ ಎಂದು ಪರೀಕ್ಷಕಿಗೆ ಗೊತ್ತಾಗಬಾರದೆಂದು ತೀರ್ಪು ನಡೆಯುತ್ತಿದ್ದದ್ದು ಅಂಗಳದಾಚೆಯ ಕೋಣೆಯಲ್ಲಿ. ಕೊರಳಿಗೆ ನಂಬರ್ ಚೀಟಿ ಹಾಕಿಕೊಂಡ ಹನ್ನೆರಡು ಮಂದಿ ಕೊಡೆ ಹಿಡಿದು ಅಂಗಳ ದಾಟಿ, ಅಲ್ಲಿ ಇಪ್ಪತ್ತು ನಿಮಿಷ ಕಾದರು. ಸುರಿಯುವ ಮಳೆಯನ್ನು ಕೊಡೆ ತಡೆಯಿತು. ಗಾಳಿಯಲ್ಲಿದ್ದ ತೇವವನ್ನು ತಡೆಯುವವರು ಯಾರು? ರೇಷ್ಮೆಯಂತೆ ಮಿನುಗುತ್ತಿದ್ದ ಹನ್ನೊಂದು ತಲೆಗಳು ಒಂದೊಂದಾಗಿ ಉಬ್ಬಿದವು. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ವಿದ್ಯಾರ್ಥಿನಿಯರ ಮುಖಗಳು ಒಂದೊಂದಾಗಿ ಇಳಿದವು.

ಪರೀಕ್ಷಕಿ ಹನ್ನೆರಡನೆಯ ತಲೆಯ ಮುಂದೆ ಬಂದು ನಿಂತರು. ನರೆ ಬೆರೆತ ಸುರುಳಿಗಳು ಅತ್ತೆಯ ಹೆಗಲ ಮೇಲೆ ಒಂದೊಂದೂ ಬಿಡಿಬಿಡಿಯಾಗಿ ಇಳಿಬಿದ್ದಿದ್ದವು. ಪರೀಕ್ಷಕಿ ಬಾಚಣಿಗೆ ಎತ್ತಿದ್ದೇ ತಡ, ಅತ್ತೆ ಅವರ ಮಣಿಕಟ್ಟನ್ನೇ ಹಿಡಿದುಕೊಂಡರು.

"ಬಾಚಣಿಗೆ ಬೇಡಮ್ಮ. ಬೇಕಾದ್ರೆ ಕೈ ಹಾಕಿ ನೋಡಿ."

ಪರೀಕ್ಷಕಿ ಒಂದು ಸುರುಳಿಯನ್ನು ಎಳೆದು ಬಿಟ್ಟರು. ಅದು ಚಂಗನೆ ಹಾರಿ ತನ್ನ ಜಾಗದಲ್ಲೇ ಕೂತಿತು. ಇನ್ನೊಂದನ್ನು ಎಳೆದರು. ಮೂರನೆಯದನ್ನು ಎಳೆದದ್ದು ಬರೀ ಖುಷಿಗೆ.

"ಉಳಿದವರೆಲ್ಲ ಕೂದಲನ್ನ ಹೆದರಿಸಿ ಕೂರಿಸೋಕೆ ನೋಡಿದ್ದಾರೆ. ಹದಕ್ಕೆ ತಂದಿರೋದು ಇದೊಂದೇ" ಎಂದು ಪುಸ್ತಕದಲ್ಲಿ ಮೊದಲ ಸ್ಥಾನ ಬರೆದು ಸಹಿ ಹಾಕಿದರು. "ಇದು ಯಾರ ಕೆಲಸ ಅಂತ ನಾನು ಕೇಳೋ ಹಾಗಿಲ್ಲ."

"ನೀವು ಕೇಳಬೇಡಿ, ನಾನೇ ಹೇಳ್ತೀನಿ. ಅಗೋ, ಬಾಯಿ ಬಿಟ್ಕೊಂಡು ನಿಂತಿದ್ದಾಳಲ್ಲ, ಅವಳೇ. ನನ್ನ ಸೊಸೆ. ಒಂದು ವರ್ಷ ಕಾಲೇಜಿಗೆ ಹೋಗಿ ಕಲಿತಿದ್ದಾಳೆ, ತಮಾಷೆಯಲ್ಲ!"

ಕೋಣೆಯಲ್ಲಿ ನಗು ಎದ್ದಿತು. ಗೆದ್ದ ಸಂತೋಷಕ್ಕಿಂತ ಆ ಕೊನೆಯ ಮಾತಿಗೇ ಸೊಸೆಯ ಕಣ್ಣು ತುಂಬಿ ಬಂತು.

ಹೊರಡುವಾಗ ಬಾಗಿಲ ಬಳಿ ಅವಳು ಸ್ಕಾರ್ಫನ್ನು ಮಡಿಸಿ ಮುಂದೆ ಹಿಡಿದಳು. ಅತ್ತೆ ಅತ್ತ ಗಮನ ಕೊಡಲಿಲ್ಲ. ಕಿಟಕಿಯ ಗಾಜಿನಲ್ಲಿ ತಮ್ಮನ್ನೇ ನೋಡಿಕೊಂಡು ತಲೆಯನ್ನು ಒಮ್ಮೆ ಆಚೆ, ಒಮ್ಮೆ ಈಚೆ ಅಲ್ಲಾಡಿಸುತ್ತಿದ್ದರು.

"ಇನ್ಮೇಲೆ ಕನ್ನಡಿ ಒರೆಸೋಕೆ ಆ ಸ್ಕಾರ್ಫನ್ನ ಇಟ್ಕೋ," ಎಂದರು. "ಬನಿಯನ್ ಕೊಡು, ನನ್ನ ತಲೆಗೆ ಬೇಕು."