ಚಿನಾರ್ ಬರುವ ದಾರಿ

ಇಸ್ಫಹಾನ್ ನಗರದಲ್ಲಿ ಮರಗಳು ನೀರನ್ನು ಹುಡುಕಿಕೊಂಡು ನಡೆಯುತ್ತವೆ, ವರ್ಷಕ್ಕೆ ಹತ್ತೇ ಹೆಜ್ಜೆ. ಮರ ಹೋದತ್ತ ಬೀದಿಯೂ ಹೋಗಬೇಕು, ಅಡ್ಡ ಬಂದ ಮನೆಯವರು ಗೋಡೆ ಕೆಡವಿ ದಾರಿ ಬಿಡಬೇಕು. ಇರಾನಿನ ಆ ಊರಿಗೆ ಅದು ಹಬ್ಬಕ್ಕೆ ಸುಣ್ಣ ಬಳಿದಷ್ಟೇ ಮಾಮೂಲು.

ಈ ವಸಂತದಲ್ಲಿ ನೀರು ಹಂಚುವ ಮುದುಕ ಉಸ್ತಾದ್ ಬಹ್ಮನ್ ಮರಗಳ ದಾರಿ ಗುರುತಿಸಲು ಎಳೆದ ಸುಣ್ಣದ ಗೆರೆ ಗುಲ್‌ರುಖ್‌ಳ ಬಾಗಿಲಿಗೆ ಬಂದು ಮುಟ್ಟಿತು. ಅವಳದು ಊರಂಚಿನ ಕೊನೆಯ ಮನೆ. ಮೂವತ್ತು ವರ್ಷ ಅವಳೇ ಕೊಡ ಹೊತ್ತು ಕಾಲುವೆಗೆ ನಡೆದಿದ್ದಳು. ಒಂದು ಗಿಡವೂ ಅವಳ ಮನೆಯತ್ತ ತಲೆಹಾಕಿರಲಿಲ್ಲ.

“ತಪ್ಪು ಗೆರೆ ಎಳೆದಿದ್ದೀರಿ ಉಸ್ತಾದ್!” ಎಂದು ರೇಗಿದಳು. “ಇಲ್ಲೆಲ್ಲಿದೆ ನೀರು?”

ಉಸ್ತಾದರು ನಕ್ಕರು. “ಬೇರು ತೋರಿಸಿದ ಕಡೆ ಎಳೆದೆ ಕಣಮ್ಮ. ಒಂದ್ಸಲ ನೆಲಕ್ಕೆ ಕಿವಿ ಇಟ್ಟು ನೋಡು.”

ಅವಳು ಅಡುಗೆಮನೆಯ ನೆಲಕ್ಕೆ ಕಿವಿಯಿಟ್ಟಳು. ಕೆಳಗೆ, ಬಹಳ ಕೆಳಗೆ, ನೀರು ಹರಿಯುತ್ತಿತ್ತು. ತಿಂಗಳಿಂದ ಮಲಗಿದಾಗಲೆಲ್ಲ ಕೇಳಿಸುತ್ತಿದ್ದದ್ದು ಇದೇ ಸದ್ದು! ವಯಸ್ಸಾಯಿತು, ಕಿವಿ ಗುಂಯ್‌ಗುಡುತ್ತಿದೆ ಎಂದುಕೊಂಡು ಅವಳು ದಿನಾ ಬಾದಾಮಿ ಎಣ್ಣೆ ಬಿಟ್ಟುಕೊಳ್ಳುತ್ತಿದ್ದಳು.

ಎದ್ದು ಹೊರಗೆ ಬಂದಳು. ಎದುರಿಗೆ ಐನೂರು ವರ್ಷದ ಚಿನಾರ್ ಮರ ಮಣ್ಣು ಕೊಡವುತ್ತ ಒಂದು ಬೇರನ್ನು ಎತ್ತಿ ಮುಂದಿಟ್ಟಿತು. ಅದರ ಹಿಂದೆ ಎರಡು ಸಾಲಿನಲ್ಲಿ ಇನ್ನೂರು ಮರಗಳು, ಅವುಗಳ ನೆರಳಿನಲ್ಲಿ ಗಂಟುಮೂಟೆ ಹೊತ್ತ ಬಜಾರಿನ ಜನ. ಇಡೀ ನಗರ ಅವಳ ಬಾಗಿಲಿನತ್ತ ಮುಖಮಾಡಿತ್ತು.

ಗುಲ್‌ರುಖ್ ತಲೆವಸ್ತ್ರ ಬಿಗಿದು ಕಟ್ಟಿ, ಉಸ್ತಾದರ ಕೈಯಿಂದ ಹಾರೆ ಕಿತ್ತುಕೊಂಡಳು.

“ಒಂದು ಗೋಡೆ ಸಾಲದು ಉಸ್ತಾದ್,” ಎಂದಳು. “ಆ ಮರದ ಮೈ ಎಷ್ಟು ಅಗಲ ನೋಡಿ. ಎರಡು ಗೋಡೆ ಕೆಡವೋಣ.”