ಷಡ್ಡಕರ ಪೆನ್ನು

"ಇಂಥದ್ದೇ ನನ್ನ ಹತ್ರಾನೂ ಇದೆಯಲ್ಲ ಭಾವ!" ಎಂದು ಮೇಷ್ಟ್ರು ಜೇಬಿಗೆ ಕೈ ಹಾಕಿದಾಗಲೇ ವಕೀಲರ ಮುಖ ಇಳಿದುಹೋಯಿತು.

ಮಾವನ ಮನೆಯ ಹಜಾರದಲ್ಲಿ ಎಲ್ಲರೂ ಊಟದ ಕರೆಗೆ ಕಾಯುತ್ತಿದ್ದರು. ಹಿರಿಯ ಅಳಿಯನಾದ ವಕೀಲರು ಮಖಮಲ್ಲಿನ ಪೆಟ್ಟಿಗೆ ತೆರೆದು ತಮ್ಮ ಹೊಸ ಫೌಂಟನ್ ಪೆನ್ನನ್ನು ನೋಡಲೆಂದು ಮಾವನ ಕೈಗಿಟ್ಟು ಇನ್ನೂ ಅರೆಗಳಿಗೆಯೂ ಆಗಿರಲಿಲ್ಲ. ಕಪ್ಪು ಮೈ, ಸುತ್ತ ಚಿನ್ನದ ಬಳೆ, ಚಿನ್ನದ ಕ್ಲಿಪ್ಪು. ಅದನ್ನು ಕೊಳ್ಳಲು ವರ್ಷವಿಡೀ ಹೊಟ್ಟೆ ಬಟ್ಟೆ ಕಟ್ಟಿದ್ದರು. ಕಿರಿಯ ಅಳಿಯ, ಶಾಲೆಯ ಮೇಷ್ಟ್ರು, ಅಂಗಿಯ ಜೇಬಿನಿಂದ ತೆಗೆದದ್ದೂ ಅದೇ ಕಪ್ಪು ಮೈ, ಅದೇ ಬಳೆ, ಅದೇ ಕ್ಲಿಪ್ಪು.

"ಬಸ್ ಸ್ಟ್ಯಾಂಡ್ ಪಕ್ಕದ ಅಂಗಡೀಲಿ ತಗೊಂಡೆ. ಒಂದು ಊಟದ ದುಡ್ಡಷ್ಟೆ. ದಿನಾ ಪೇಪರ್ ತಿದ್ದೋಕೆ ಇದೇ."

ಮಾವ ಎರಡನ್ನೂ ಅಂಗೈ ಮೇಲೆ ಮಲಗಿಸಿಕೊಂಡು ನಕ್ಕರು. "ಅವಳಿ ಜವಳಿ ಕಣ್ರಯ್ಯ! ಹೆತ್ತ ತಾಯಿಗೂ ಗುರುತು ಸಿಕ್ಕಲ್ಲ."

ವಕೀಲರ ಹೊಟ್ಟೆ ಉರಿದುಹೋಯಿತು. ಈ ಮನುಷ್ಯನದು ಯಾವಾಗಲೂ ಇದೇ ಕಥೆ. ಹಳೆಯ ಸ್ಕೂಟರು ಕೊಂಡರೂ ಅದು ಹೊಸದಕ್ಕಿಂತ ಚೆನ್ನಾಗಿ ಓಡುತ್ತದೆ. ಕೈ ಬೀಸಿಕೊಂಡು ಬಂದರೂ ಅತ್ತೆ ಮೊದಲ ಲೋಟ ಕಾಫಿ ಕೊಡುವುದು ಅವರಿಗೇ. ಸಾಲದ್ದಕ್ಕೆ ಈಗ ಇದು! ತಮ್ಮ ಒಂದು ವರ್ಷದ ತಪಸ್ಸೂ ಆ ಪುಣ್ಯಾತ್ಮನ ಒಂದು ಊಟವೂ ಮಾವನ ಅಂಗೈ ಮೇಲೆ ಸರಿಸಮ ಮಲಗಿದ್ದವು.

"ನೋಡೋಕೆ ಒಂದೇ ಥರ ಇದ್ರೆ ಆಯ್ತಾ ಮಾವ? ಬರೆದಾಗ ಗೊತ್ತಾಗುತ್ತೆ" ಎಂದರು.

ಮಾವನಿಗೆ ಇಂಥದ್ದೆಂದರೆ ಹುರುಪು. ನೌಕರಿಯಲ್ಲಿದ್ದ ಕಾಲದ ಅಭ್ಯಾಸ, ಈಗಲೂ ಮನೆಯಲ್ಲಿ ಇಂಕಿನ ಬಾಟಲಿ ಇಟ್ಟಿದ್ದರು. ಎರಡೂ ಪೆನ್ನನ್ನು ತೊಳೆದು ತಾವೇ ಇಂಕು ತುಂಬಿಸಿದರು. "ನನ್ನ ಇಂಕು, ನನ್ನ ಕಾಗದ. ಹೂಂ, ಬರೀರಿ."

ಮೇಷ್ಟ್ರು ಪೆನ್ನನ್ನು ತಮ್ಮ ವಾಡಿಕೆಯಂತೆ ಓರೆಯಾಗಿ ಹಿಡಿದು ಒಂದೇ ಉಸಿರಿಗೆ ಎರಡು ಸಾಲು ಬರೆದರು. ಎಲ್ಲೂ ತಡವರಿಸಲಿಲ್ಲ. ವಕೀಲರ ಪೆನ್ನು ಮೊದಲ ಅಕ್ಷರಕ್ಕೇ ತೊದಲಿತು, ರುಜುವಿನ ಬಾಲ ಎಳೆಯುವಾಗ ಒಣಗಿಯೇ ಹೋಯಿತು. ಕೊಂಡಾಗಿನಿಂದ ಅದು ಮಖಮಲ್ಲಿನಲ್ಲಿ ಮಲಗಿದ್ದೇ ಹೆಚ್ಚು. ಮಾವ ಮೆಲ್ಲಗೆ ಕೆಮ್ಮಿದರು.

"ಒಂದ್ಸಲ ನಿಮ್ಮದು ಕೊಡಿ ಭಾವ, ನಾನೂ ಬರೆದು ನೋಡ್ತೀನಿ" ಎಂದರು ಮೇಷ್ಟ್ರು.

"ಛೆ ಛೆ! ಫೌಂಟನ್ ಪೆನ್ನನ್ನ ಇನ್ನೊಬ್ಬರ ಕೈಗೆ ಕೊಡ್ತಾರೇನ್ರೀ ಮೇಷ್ಟ್ರೇ? ನಿಬ್ಬು ಬರೆಯೋ ಕೈಗೆ ಪಳಗುತ್ತೆ. ಬೇರೆ ಕೈ ತಾಗಿತೋ, ಕೆಟ್ಟಿತು ಅಂತಲೇ ಲೆಕ್ಕ."

"ಹೌದಾ? ನನಗೆ ಗೊತ್ತೇ ಇರಲಿಲ್ಲ."

ಅತ್ತೆ ಊಟಕ್ಕೆ ಕರೆದರು. ಒರೆಸಿದ ಪೆನ್ನುಗಳನ್ನು ಮಾವ ಹಜಾರದಲ್ಲಿ ಹಳೆಯ ಪೇಪರಿನ ಮೇಲೆ ಅಕ್ಕಪಕ್ಕ ಇಟ್ಟರು. ವಕೀಲರು ಅನ್ನ ಕಲಸುತ್ತಲೇ ಲೆಕ್ಕ ಹಾಕಿದರು. ಅಗ್ಗದ ಪೆನ್ನು ಹಾಗೆ ಬರೆಯುವುದುಂಟೆ? ಅಂಗಡಿಯವನು ತಮಗೇ ಟೋಪಿ ಹಾಕಿರಬೇಕು. ಅಸಲಿ ಮಾಲು ಅದು ಹೇಗೋ ಬಸ್ ಸ್ಟ್ಯಾಂಡಿಗೆ ಬಂದು ಈ ಅದೃಷ್ಟವಂತನ ಜೇಬು ಸೇರಿದೆ. ಯೋಚಿಸಿದಷ್ಟೂ ಅದೇ ಸರಿ ಎನ್ನಿಸಿತು. ಅನ್ನ ಅರ್ಧಕ್ಕೇ ಬಿಟ್ಟು ಎದ್ದು, ಎಲ್ಲರಿಗಿಂತ ಮೊದಲು ಕೈ ತೊಳೆದು, ಹಜಾರಕ್ಕೆ ಬಂದು ಎಡಗಡೆಯ ಪೆನ್ನನ್ನು ಎತ್ತಿ ಮಖಮಲ್ಲಿನಲ್ಲಿ ಮಲಗಿಸಿದರು. ಎಡಗಡೆಯದು ಮೇಷ್ಟ್ರದು ಎಂದು ಮಾವ ಇಡುವಾಗಲೇ ನೋಡಿಟ್ಟುಕೊಂಡಿದ್ದರು.

ಹೊರಡುವಾಗ ಮೇಷ್ಟ್ರು, "ಭಾವ, ಅದಲು ಬದಲು ಆಗಿಲ್ಲ ತಾನೆ?" ಎಂದು ಕೇಳಿಯೂ ಕೇಳಿದರು.

"ನನ್ನ ಪೆನ್ನು ನನಗೆ ಗೊತ್ತಾಗಲ್ವೇನ್ರೀ? ಕತ್ತಲಲ್ಲೂ ಗುರುತು ಹಿಡೀತೀನಿ!" ಎಂದು ವಕೀಲರು ಮನೆಮಂದಿಯೆಲ್ಲ ಕೇಳುವಂತೆ ಹೇಳಿದರು.

ಮರುದಿನ ಕಚೇರಿಯಲ್ಲಿ ಕಕ್ಷಿಗಾರನ ಮುಂದೆ ಗತ್ತಿನಿಂದ ಪೆಟ್ಟಿಗೆ ತೆರೆದರು. ರುಜು ಹಾಕಲು ಹೋದರೆ ನಿಬ್ಬು ಪರಪರ ಗೀಚಿ ಕಾಗದದ ಎಳೆಯನ್ನೇ ಕಿತ್ತುಕೊಂಡಿತು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಮೇಷ್ಟ್ರ ಓರೆ ಕೈಗೆ ಸವೆದ ನಿಬ್ಬು ವಕೀಲರ ನೆಟ್ಟಗಿನ ಕೈಗೆ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಕಕ್ಷಿಗಾರ ಹೋದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಕ್ಲಿಪ್ಪನ್ನು ಹೆಬ್ಬೆರಳಿನಿಂದ ಉಜ್ಜಿದರು. ಚಿನ್ನ ಹೆಬ್ಬೆರಳಿಗೆ ಬಂತು, ಅಡಿಯಿಂದ ಬಿಳಿಯ ತಗಡು ಇಣುಕಿತು. ತಮ್ಮ ಅಸಲಿ ಪೆನ್ನನ್ನು ತಾವೇ ಕೈಯಾರೆ ಆ ಮನುಷ್ಯನಿಗೆ ಬಿಟ್ಟುಬಂದಿದ್ದರು. ಕೇಳೋಣವೆಂದರೆ ಕತ್ತಲಲ್ಲೂ ಗುರುತು ಹಿಡಿಯುವ ಮಾತಾಡಿ ಆಗಿತ್ತು.

ಅಷ್ಟರಲ್ಲಿ ಫೋನು ಬಂತು.

"ಭಾವ, ನೀವು ಹೇಳಿದ್ದು ನೂರಕ್ಕೆ ನೂರು ನಿಜ! ನಿನ್ನೆ ಮಾವ ಮುಟ್ಟಿದ್ದಕ್ಕೋ ಏನೋ, ಮನೆಗೆ ಬಂದು ಕೆಂಪು ಇಂಕು ತುಂಬಿಸಿದ್ರೆ ನನ್ನ ಪೆನ್ನು ಮುನಿಸ್ಕೊಂಡು ಕೂತಿತ್ತು. ಬಿಡಲಿಲ್ಲ ನಾನು. ಒತ್ತಿ ಒತ್ತಿ ಎರಡು ಕಟ್ಟು ಪೇಪರ್ ತಿದ್ದಿದೆ ನೋಡಿ, ಈಗ ಬೆಣ್ಣೆ ಮೇಲೆ ಓಡಿದ ಹಾಗೆ ಓಡ್ತಿದೆ. ಹಿಂದೆ ಯಾವತ್ತೂ ಇಷ್ಟು ಚೆನ್ನಾಗಿ ಬರೆದಿರಲಿಲ್ಲ!"

ವಕೀಲರು ಹೆಬ್ಬೆರಳಿಗೆ ಅಂಟಿದ ಚಿನ್ನವನ್ನು ಕರಿಕೋಟಿಗೆ ಒರೆಸಿದರು.

"ಭಾವ, ಇದ್ದೀರಾ? ಇನ್ನು ಮೇಲೆ ನಿಮ್ಮ ಮಾತೇ ಮಾತು. ಇದನ್ನ ಯಾರ ಕೈಗೂ ಕೊಡಲ್ಲ. ಬೇಜಾರು ಮಾಡ್ಕೋಬೇಡಿ, ನಿಮಗೂ ಕೊಡಲ್ಲ!"