ಒಂಟಿ ಚಪ್ಪಲಿ ರಿಪೇರಿ ಇಲ್ಲ

"ಇಂಜೆಕ್ಷನ್ ಆಯ್ತು. ಇನ್ನು ಮನೆಯವರನ್ನ ಯಾವಾಗ ಕರ್ಕೊಂಡು ಬರ್ತೀರಿ?" ಎಂದು ಡಾಕ್ಟರಮ್ಮ ಕೇಳಿದಾಗ, ಬೆಲ್ಟಿನ ತೂತು ಹುಡುಕುತ್ತಿದ್ದ ಬೂಟಿನ ಮೇಸ್ತ್ರಿ ಹಾಗೆಯೇ ನಿಂತುಬಿಟ್ಟ.

"ಅವಳಿಗೇನೂ ಆಗಿಲ್ಲ ಮೇಡಂ. ಗುಂಡುಕಲ್ಲಿನ ಹಾಗೆ ಇದಾಳೆ. ಉರಿ, ಕೀವು ಎಲ್ಲಾ ನಂಗೇ."

"ಈ ಗೊನೊರಿಯಾ ಹಾಗೇನೇ. ಎಷ್ಟೋ ಹೆಂಗಸರ ಮೈಯಲ್ಲಿ ಸದ್ದಿಲ್ಲದೆ ಕೂತಿರುತ್ತೆ. ನಿಮ್ಮೊಬ್ಬರನ್ನೇ ವಾಸಿ ಮಾಡಿದ್ರೆ ಮತ್ತೆ ಅವರಿಂದ ನಿಮಗೇ ವಾಪಸ್ಸು. ಅಲ್ಲಾ ಮೇಸ್ತ್ರಿ, ಹೋದ ತಿಂಗಳು ನಾನು ಹಿಮ್ಮಡಿ ಕಿತ್ತ ಒಂದೇ ಚಪ್ಪಲಿ ತಂದಾಗ ನೀವೇನಂದ್ರಿ?"

ಮೇಸ್ತ್ರಿಗೆ ನೆನಪಿಲ್ಲದೆ ಏನು! 'ಒಂಟಿ ಚಪ್ಪಲಿ ರಿಪೇರಿ ಇಲ್ಲ' ಎಂಬ ಹಲಗೆಯನ್ನು ಅಂಗಡಿಯ ಬಾಗಿಲಿಗೆ ತೂಗುಹಾಕಿದವನೇ ಅವನು. ಒಂದು ಹಿಮ್ಮಡಿಯನ್ನು ಎತ್ತರಿಸಿ ಇನ್ನೊಂದನ್ನು ಸವೆದ ಹಾಗೇ ಬಿಟ್ಟರೆ ಕುಂಟುವುದು ಗಿರಾಕಿ, ಹೆಸರು ಕೆಡುವುದು ಮೇಸ್ತ್ರಿಯದು. ಯಾವ ದೊರೆ ಬಂದರೂ ಎರಡನ್ನೂ ತಂದರೇ ಅವನು ಮುಟ್ಟುವುದು. ಡಾಕ್ಟರಮ್ಮನನ್ನೂ ಹಾಗೇ ವಾಪಸ್ಸು ಕಳಿಸಿದ್ದ. ಸ್ವಲ್ಪ ಜಂಬದಿಂದಲೇ ಕಳಿಸಿದ್ದ ಎನ್ನಬೇಕು.

ಹೊಸ ಬೂಟು ಹೊಲಿಯುವಾಗ ಎಡಗಾಲಿನದು ಅವನ ಪಾಲು, ಬಲಗಾಲಿನದು ಹೆಂಡತಿಯ ಪಾಲು. ಇಪ್ಪತ್ತೆರಡು ವರ್ಷದಲ್ಲಿ ಯಾವುದು ಯಾರ ಕೈಯದೆಂದು ಕಂಡುಹಿಡಿದ ಗಿರಾಕಿ ಒಬ್ಬನೂ ಇಲ್ಲ. ಚರ್ಮ ಕೊಳ್ಳಲು ಪರವೂರಿಗೆ ಹೋದಾಗ, ಜೊತೆಗಾರರು "ಬಾರೋ" ಎಂದರೆಂದು ಹೋದ ಒಂದೇ ಒಂದು ಸಂಜೆಗೆ ಮೇಸ್ತ್ರಿ ಅದಷ್ಟನ್ನೂ ಪಣಕ್ಕಿಟ್ಟಿದ್ದ. ಹೇಳಿದರೆ ಅವಳು ಎದ್ದು ಹೋಗಬಹುದು. ಹೇಳದಿದ್ದರೆ ರೋಗ ಅವಳೊಳಗೇ ಬೇರು ಬಿಡುತ್ತದೆ. ಮೇಸ್ತ್ರಿ ಅಡಕತ್ತರಿಯಲ್ಲಿ ಸಿಕ್ಕಿಬಿದ್ದಿದ್ದ.

"ಶಕ್ತಿಗೆ ಮಾತ್ರೆ ಅಂತ ಹೇಳಿ ಏನಾದ್ರೂ ಕೊಟ್ಟುಬಿಡೋಕಾಗಲ್ವಾ ಮೇಡಂ?"

"ನೀವು ಹಳೇ ಚರ್ಮಕ್ಕೆ ಬಣ್ಣ ಬಳಿದು ಹೊಸದು ಅಂತ ಮಾರ್ತೀರಾ?"

"ಪ್ರಾಣ ಹೋದ್ರೂ ಇಲ್ಲ!" ಎಂದುಬಿಟ್ಟ. ಬೆಲ್ಟು ಬಿಗಿದುಕೊಂಡು ಹೊರಟ.

ಅಂಗಡಿಗೆ ಬಂದು, ಕದ ಮುಂದೆ ಮಾಡಿ, ಒಂದಕ್ಷರ ಬಿಡದೆ ಹೇಳಿದ. ಹೆಂಡತಿ ಅಟ್ಟೆ ಹೊಲಿಯುತ್ತಿದ್ದಳು. ಸೂಜಿ ನಿಲ್ಲಲಿಲ್ಲ. ಕೊನೆಯ ಹೊಲಿಗೆ ಹಾಕಿ, ಗಂಟು ಬಿಗಿದು, ದಾರ ಕತ್ತರಿಸಿದ ಮೇಲೆ, "ಆಸ್ಪತ್ರೆ ಬೆಳಿಗ್ಗೆ ಎಷ್ಟೊತ್ತಿಗೆ ತೆಗೀತಾರೆ?" ಎಂದಷ್ಟೇ ಕೇಳಿದಳು. ಆಮೇಲೆ ಅವನ ಮುಂದಿದ್ದ ಎಡಗಾಲಿನ ಮರದ ಅಚ್ಚನ್ನು ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡಳು.

ಪರೀಕ್ಷೆಯಲ್ಲಿ ಅವಳಿಗೂ ತಗುಲಿದೆ ಎಂದು ತಿಳಿಯಿತು. ಅವಳಿಗೂ ಇಂಜೆಕ್ಷನ್ ಆಯಿತು. "ಮತ್ತೆ ಪರೀಕ್ಷೆ ಆಗೋವರೆಗೂ ಇಬ್ಬರೂ ದೂರ ದೂರ ಮಲಗಬೇಕು" ಎಂದರು ಡಾಕ್ಟರಮ್ಮ. "ಅದನ್ನ ನೀವು ಬೇರೆ ಹೇಳ್ಬೇಕಾ?" ಎಂದಳು ಅವಳು. ಅಂದಿನಿಂದ ಎರಡೂ ಕಾಲಿನದನ್ನು ಅವಳೊಬ್ಬಳೇ ಹೊಲಿದಳು. ಮೇಸ್ತ್ರಿಗೆ ಉಳಿದದ್ದು ಪಾಲಿಶ್ ಉಜ್ಜುವುದು, ಲೇಸು ಪೋಣಿಸುವುದು. ಗಿರಾಕಿಗಳು ಬಂದರು, ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿದರು, ಹೊರಟುಹೋದರು. ಯಾರಿಗೂ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಮೇಸ್ತ್ರಿಗೆ ಇಂಜೆಕ್ಷನ್ನಿಗಿಂತ ಹೆಚ್ಚು ನೋವಾದದ್ದು ಇದರಿಂದ.

ಮೂರು ವಾರವಾದ ಮೇಲೆ ಮರುಪರೀಕ್ಷೆಯ ಫಲಿತಾಂಶ ತಿಳಿಯಲು ಇಬ್ಬರೂ ಹೋದರು. ಈ ಕಾಯಿಲೆಯವರು ಬರುವುದು ಆಸ್ಪತ್ರೆಯ ಹಿಂಬಾಗಿಲಿಂದ. ಮೇಸ್ತ್ರಿ ಅಭ್ಯಾಸಬಲದಿಂದ ಅತ್ತ ತಿರುಗಿದ.

"ಯಾಕ್ರೀ, ಮುಂಬಾಗಿಲಿಗೆ ಏನಾಗಿದೆ?" ಎಂದು ಅವಳು, ಬೆಂಚಿನ ಮೇಲೆ ಕುಳಿತವರೆಲ್ಲ ನೋಡುತ್ತಿದ್ದ ಹಾಗೆಯೇ, ತಲೆಯೆತ್ತಿ ಸೀದಾ ಒಳಗೆ ನಡೆದಳು. ಅವಳೇ ಹೊಲಿದ ಬೂಟು ನೆಲದ ಮೇಲೆ ಟಕಟಕ ಎನ್ನುತ್ತಿತ್ತು. ಅವನು ಹಿಂದೆ ಹಿಂದೆ ಹೋದ.

ಡಾಕ್ಟರಮ್ಮ ಎರಡೂ ಕಾಗದ ನೋಡಿ ನಕ್ಕರು. "ಇಬ್ಬರಿಗೂ ಪೂರ್ತಿ ವಾಸಿ. ಮನೆಯವರನ್ನ ಕರ್ಕೊಂಡು ಬನ್ನಿ ಅಂತ ಎಷ್ಟು ಗಂಡಸರಿಗೆ ಹೇಳಿದೀನೋ. ನಿಜ ಹೇಳಿ ಕರ್ಕೊಂಡು ಬಂದೋರು ಬೆರಳೆಣಿಕೆ. ಮೇಸ್ತ್ರೀನ ಮೆಚ್ಚಬೇಕಮ್ಮಾ."

ಮೇಸ್ತ್ರಿಯ ಬೆನ್ನು ತುಸು ನೆಟ್ಟಗಾಯಿತು.

"ನಿಜ ಹೇಳಿದ್ರು, ಅದು ಸರಿ. ಅದಕ್ಕೇ ಇನ್ನೂ ಒಂದೇ ಸೂರಿನಡಿ ಇದೀವಿ" ಎಂದಳು ಹೆಂಡತಿ. "ಆದ್ರೆ ಕರ್ಕೊಂಡೇನೂ ಬರ್ಲಿಲ್ಲ ಡಾಕ್ಟ್ರೇ. ನಾನೇ ಬಂದೆ."

ಮೇಸ್ತ್ರಿ ತಲೆ ತಗ್ಗಿಸಿದ. ತಗ್ಗಿಸಿದ್ದೇನೋ ನಾಚಿಕೆಯಿಂದಲೇ, ಆದರೆ ಇಂಥವಳು ತನ್ನ ಹೆಂಡತಿ ಎಂಬ ಹೆಮ್ಮೆ ಉಕ್ಕಿ ಬಂದು ಕಣ್ಣು ತುಂಬಿತು.

ಡಾಕ್ಟರಮ್ಮ ಮೇಜಿನ ಕೆಳಗಿನಿಂದ ಒಂದು ಚೀಲ ಎಳೆದರು. "ಈ ಸಲ ಎರಡನ್ನೂ ತಂದಿದೀನಪ್ಪಾ."

ಹೆಂಡತಿ ಚಪ್ಪಲಿಗಳನ್ನು ಹೊರತೆಗೆದು ಮಗುಚಿ ನೋಡಿದಳು. ಹಿಮ್ಮಡಿಗಳನ್ನು ಹೆಬ್ಬೆರಳಿಂದ ಒತ್ತಿ ಪರೀಕ್ಷಿಸಿದಳು. ಬಲಗಾಲಿನದನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಎಡಗಾಲಿನದನ್ನು ಮೇಸ್ತ್ರಿಯ ಮುಖ ನೋಡದೆ ಅವನತ್ತ ಚಾಚಿದಳು.

"ತಗೊಳ್ಳಿ. ನನ್ನದಕ್ಕೆ ಸರಿಸಮ ಬರ್ಬೇಕು. ಇಲ್ಲಾಂದ್ರೆ ಬಿಚ್ಚಿ ಕೈಗೆ ಕೊಡ್ತೀನಿ."

ಮೇಸ್ತ್ರಿ ಆ ಒಂಟಿ ಚಪ್ಪಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.